ತಪ್ಪು ಬೆರಳಿನದಲ್ಲ, ಕುದುರೆಯದು!

ಹೊಸೂರು: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಸರಿ. ಆದರೆ ಕೆಲವೊಮ್ಮೆ ನೆಲವೇ ಡೊಂಕಾಗಿರುತ್ತದಲ್ಲ, ಆಗ ಏನು ಮಾಡೋದು?

ಬಾಗಲೂರು ರಸ್ತೆಯ ಕನ್ನಡ ಮನೆಯೊಂದರಲ್ಲಿ ಕೆಲವು ತಿಂಗಳು ನಡೆದ ಚರ್ಚೆ ಇದೇ. ಮನೆಯ ಹುಡುಗಿ ಎಂಟನೇ ಕ್ಲಾಸು. ಮ್ಯಾಂಡೊಲಿನ್ ಹಿಡಿದು ಎರಡು ವರ್ಷ. ಸರಳೆ, ಜಂಟಿ, ಅಲಂಕಾರ ಮುಗಿಸಿ ಗೀತೆಗೆ ಬಂದಿದ್ದಾಳೆ. ಶಾಲೆಯಲ್ಲಿ ತಮಿಳು, ಮುಂದೆ ಕಾದಿರುವ ಕೃತಿಗಳೆಲ್ಲ ಹೆಚ್ಚಾಗಿ ತೆಲುಗು, ಮನೆಯಲ್ಲಿ ಮಾತ್ರ ಕನ್ನಡ. ಹಾಗಾಗಿ ಅಜ್ಜಿಯ ಆಸೆ ಒಂದೇ: ಮೊಮ್ಮಗಳ ಕೈಯಲ್ಲಿ ಒಂದು ದೇವರನಾಮ ಕೇಳಬೇಕು.

ಅಷ್ಟರಲ್ಲಿ ಹುಡುಗಿ ಪಾಠಕ್ಕೆ ಹೋಗೋದಿಲ್ಲ ಅಂತ ಕೂತಳು. ಬೆರಳು ಉರಿಯುತ್ತೆ, ಎಷ್ಟು ಒತ್ತಿದರೂ ಮೇಲಿನ ಷಡ್ಜ ಸೇರಲ್ಲ ಅನ್ನೋದು ಅವಳ ದೂರು. ಸೋಮಾರಿತನ ಅನ್ನೋದು ಅಮ್ಮನ ತೀರ್ಪು. ವಾದ್ಯವೇ ಅಗ್ಗದ್ದು, ಹೊಸದು ಕೊಡಿಸಿದರೆ ಸರಿಹೋಗುತ್ತೆ ಅನ್ನೋದು ಅಪ್ಪನ ಲೆಕ್ಕ. ಅದಕ್ಕೆಂದು ಅವರು ಎತ್ತಿಟ್ಟದ್ದು 20 ಸಾವಿರ ರೂಪಾಯಿ. ನಿಜ ಹೇಳಬೇಕೆಂದರೆ ಮೂವರೂ ಪೂರ್ತಿ ಸರಿಯಲ್ಲ.

ಮೊದಲು ಇರುವುದನ್ನು ನೋಡಿ

ಮ್ಯಾಂಡೊಲಿನ್‌ಗೆ ಎಂಟು ಉಕ್ಕಿನ ತಂತಿ, ಎರಡೆರಡರಂತೆ ನಾಲ್ಕು ಜೋಡಿ. ತಂತಿಗಳನ್ನು ಹೊರುವ ಕುದುರೆಯನ್ನು ಅಂಟು ಹಾಕಿ ಕೂರಿಸಿರುವುದಿಲ್ಲ. ತಂತಿಯ ಬಿಗಿಗೇ ಅದು ನಿಂತಿರುತ್ತದೆ. ಚೀಲದೊಳಗೆ ಒಂದು ಪೆಟ್ಟು ಬಿದ್ದರೆ, ತಂತಿ ಬದಲಿಸುವಾಗ ಎಂಟನ್ನೂ ಒಟ್ಟಿಗೆ ಸಡಿಲಿಸಿದರೆ ಕುದುರೆ ಜಾಗ ಬಿಡುತ್ತದೆ. ಜಾಗ ಬಿಟ್ಟರೆ ಮೆಟ್ಟಿಲುಗಳ ಲೆಕ್ಕವೆಲ್ಲ ತಪ್ಪುತ್ತದೆ. ಬಿಟ್ಟ ತಂತಿ ಶ್ರುತಿಯಲ್ಲಿರುತ್ತದೆ, ಮೇಲೆ ಹೋದಂತೆ ಅಪಸ್ವರ. ಬಯ್ಗುಳ ಮಾತ್ರ ಮಕ್ಕಳ ಬೆರಳಿಗೆ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. 12ನೇ ಮೆಟ್ಟಿಲಿನ ನೇರಕ್ಕೆ ತಂತಿಯನ್ನು ಒತ್ತದೆ, ಬರೇ ಮುಟ್ಟಿ ಮೀಟಿ ತಕ್ಷಣ ಬೆರಳು ತೆಗೆಯಬೇಕು. ಗಂಟೆಯಂಥ ಸಣ್ಣ ನಾದ ಬರುತ್ತದೆ. ಆಮೇಲೆ ಅಲ್ಲೇ ಒತ್ತಿ ಮೀಟಬೇಕು. ಎರಡೂ ಒಂದೇ ಸ್ವರವಾಗಿರಬೇಕು. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಕೂದಲೆಳೆಯಷ್ಟು ಬಾಲದ ಕಡೆಗೆ, ಇಳಿದಿದ್ದರೆ ಕತ್ತಿನ ಕಡೆಗೆ ಸರಿಸಬೇಕು. ತಂತಿ ಸ್ವಲ್ಪ ಸಡಿಲಿಸಿಯೇ ಸರಿಸಬೇಕು, ಇಲ್ಲದಿದ್ದರೆ ಹೊಟ್ಟೆಯ ಮೇಲೆ ಗೀರು ಬೀಳುತ್ತದೆ. ತಂತಿ ಹಳತಾಗಿ ತುಕ್ಕು ಹಿಡಿದಿದ್ದರೆ ಈ ಪರೀಕ್ಷೆಯೇ ಸುಳ್ಳು ಹೇಳುತ್ತದೆ. ಆದ್ದರಿಂದ ಮೊದಲು ಹೊಸ ತಂತಿ, ಅದೂ ಒಂದೊಂದಾಗಿ.

ಎರಡನೆಯದು ತಂತಿಯ ಎತ್ತರ. 12ನೇ ಮೆಟ್ಟಿಲಿನ ಹತ್ತಿರ ಮೆಟ್ಟಿಲಿಗೂ ತಂತಿಗೂ ಒಂದೂವರೆಯಿಂದ ಎರಡು ಮಿಲಿಮೀಟರ್ ಅಂತರವಿದ್ದರೆ ಕೈಗೆ ಹಿತ. ಹುಡುಗಿಯ ವಾದ್ಯದಲ್ಲಿ ಇದು ಮೂರನ್ನೂ ದಾಟಿತ್ತು. ಬೆರಳು ಉರಿಯದೆ ಇನ್ನೇನು? ಕುದುರೆಗೆ ಎರಡು ಕಡೆ ತಿರುಗಿಸುವ ಸಣ್ಣ ಚಕ್ರಗಳಿದ್ದರೆ ಎತ್ತರ ಇಳಿಸುವುದು ಸುಲಭ. ತಲೆಯ ಬಳಿ ತಂತಿ ಕೂರುವ ಗಾಡಿಗಳನ್ನು ಅರದಿಂದ ಉಜ್ಜುವುದು ಮಾತ್ರ ಬಲ್ಲವರ ಕೆಲಸ. ಒಂದೆಳೆ ಹೆಚ್ಚು ಉಜ್ಜಿದರೂ ತಂತಿ ಝರ್ ಅನ್ನುತ್ತದೆ.

ಮೇಷ್ಟ್ರು ಹೇಳಿದ್ದೂ ಇದನ್ನೇ. ಹೊಸದು ಆಮೇಲೆ, ಮೊದಲು ಇದನ್ನು ಸರಿಮಾಡಿಸಿ ಅಂದರು. ತಂತಿ ಬದಲಾಯಿತು, ಕುದುರೆ ಜಾಗಕ್ಕೆ ಬಂತು. ವಾರದೊಳಗೆ ಮೇಲಿನ ಷಡ್ಜ ಸೇರಿತು. ಹುಡುಗಿ ಪಾಠ ಬಿಡುವ ಮಾತು ನಿಲ್ಲಿಸಿದಳು. ಅಮ್ಮ ತಮ್ಮ ತೀರ್ಪನ್ನು ವಾಪಸು ತೆಗೆದುಕೊಂಡರು.

ಹಾಗಾದರೆ ಹೊಸದು ಬೇಡವೇ?

ಬೇಕು. ಆದರೆ ಈಗ ಯಾಕೆ ಬೇಕು ಅನ್ನೋದು ಗೊತ್ತಾಯಿತು. ಶ್ರುತಿ ಸೇರಿದ ಮೇಲೂ ನಾದ ಡಬ್ಬಿ ಬಡಿದಂತೆ, ಮೀಟಿದ ಮರುಗಳಿಗೆ ಸತ್ತುಹೋಗುತ್ತದೆ. ಇದು ರಿಪೇರಿಗೆ ಬಗ್ಗುವ ದೋಷವಲ್ಲ. ಆರಂಭದ ವಾದ್ಯಗಳ ಮುಖಹಲಗೆ ಸಾಮಾನ್ಯವಾಗಿ ಪ್ಲೈವುಡ್. ಒಂದೇ ಮರದ ಹಲಗೆ, ಅದರಲ್ಲೂ ಸ್ಪ್ರೂಸ್ ಮರದ್ದಾದರೆ, ಸುಲಭವಾಗಿ ಕಂಪಿಸುತ್ತದೆ. ನಾದ ಬಿಚ್ಚಿಕೊಳ್ಳುತ್ತದೆ.

ಕರ್ನಾಟಕ ಸಂಗೀತಕ್ಕೆ ಇನ್ನೊಂದು ಪ್ರಶ್ನೆಯೂ ಇದೆ. 1969ರಲ್ಲಿ ಆಂಧ್ರದ ಪಾಲಕೊಲ್ಲಿನಲ್ಲಿ ಹುಟ್ಟಿ, 1978ರಲ್ಲಿ ಗುಡಿವಾಡದಲ್ಲಿ ಬಾಲಕನಾಗಿ ಮೊದಲ ಕಛೇರಿ ಕೊಟ್ಟ ಯು. ಶ್ರೀನಿವಾಸ್ ಈ ಪರದೇಶದ ವಾದ್ಯಕ್ಕೆ ಗಮಕ ಕಲಿಸಿದವರು. 2014ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಮ್ಯಾಂಡೊಲಿನ್ ಕಛೇರಿ ವಾದ್ಯವಾಗಿ ನೆಲೆ ನಿಂತಿತ್ತು. ಅವರು ಹಿಡಿದದ್ದು ಜೋಡಿ ತಂತಿ ಬಿಟ್ಟ, ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್. ಎರಡು ತಂತಿಗಳನ್ನು ಒಟ್ಟಿಗೆ ಎಳೆದು ಗಮಕ ಕೊಡುವುದು ಕಷ್ಟ, ಒಂಟಿ ತಂತಿ ಬೆರಳಿನ ಮಾತು ಕೇಳುತ್ತದೆ.

ಹಾಗಂತ ನಾಳೆಯೇ ವಿದ್ಯುತ್ ಮ್ಯಾಂಡೊಲಿನ್ ಕೊಳ್ಳಬೇಕಿಲ್ಲ. ಅದರ ಜೊತೆ ಆಂಪ್ಲಿಫೈಯರೂ ಬೇಕು. ಅದೇ 20 ಸಾವಿರ ಎರಡು ಪಾಲಾಗಿ, ಎರಡೂ ಸಾಧಾರಣವೇ ಆಗಬಹುದು. ಖರ್ಚಿಲ್ಲದ ಪರೀಕ್ಷೆ ಒಂದಿದೆ: ಹಳೇ ವಾದ್ಯದಲ್ಲೇ ಪ್ರತಿ ಜೋಡಿಯಿಂದ ಒಂದೊಂದು ತಂತಿ ತೆಗೆದು ಒಂದು ತಿಂಗಳು ನುಡಿಸುವುದು. ಹುಡುಗಿ ಹಾಗೇ ಮಾಡಿದಳು. ಗಮಕ ಸಲೀಸಾಯಿತು, ಸದ್ದು ಮಾತ್ರ ತೆಳುವಾಯಿತು. ಪಕ್ಕದ ಕೋಣೆಯ ಅಜ್ಜಿಗೆ ಕೇಳಿಸಲೇ ಇಲ್ಲ. ಮುಂದೆ ಕಛೇರಿಯ ದಾರಿ ಹಿಡಿದರೆ ವಿದ್ಯುತ್ ವಾದ್ಯ, ಸದ್ಯಕ್ಕೆ ಒಳ್ಳೇ ಹಲಗೆಯ ಎಂಟು ತಂತಿ ಅಂತ ಮನೆಯಲ್ಲಿ ತೀರ್ಮಾನವಾಯಿತು.

ಬಳೇಪೇಟೆಯಲ್ಲಿ ಒಂದು ಮಧ್ಯಾಹ್ನ

ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿಲೋಮೀಟರ್. ವಾದ್ಯ ಅಂದರೆ ಗಡಿಯ ಈಚೆಯವರಿಗೂ ಬಳೇಪೇಟೆಯೇ. ಹಳೇ ಮ್ಯಾಂಡೊಲಿನನ್ನೂ ಜೊತೆಗೆ ಹೊತ್ತುಕೊಂಡೇ ಅಪ್ಪ, ಮಗಳು ಬಸ್ಸು ಹತ್ತಿದರು. ಹೋಲಿಸಿ ನೋಡಲು ಪರಿಚಯದ ನಾದವೊಂದು ಕೈಯಲ್ಲಿರಬೇಕಲ್ಲ.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಬಸವನಹುಳುವಿನಂಥ ಸುರುಳಿಯಿದ್ದ ಮಿರಮಿರ ಮಿಂಚುವ ವಾದ್ಯ. ಆ ಸುರುಳಿ ಚೆಂದಕ್ಕೆ, ನಾದಕ್ಕಲ್ಲ. ಅದನ್ನು ಕೆತ್ತುವ ಕೂಲಿ ಬೆಲೆಗೆ ಸೇರುತ್ತದೆ. ಅದೇ ದುಡ್ಡಿಗೆ ಸುರುಳಿಯಿಲ್ಲದ, ನೀರಹನಿ ಆಕಾರದ ಸಾದಾ ವಾದ್ಯದಲ್ಲಿ ಮೇಲಾದ ಮರ ಸಿಗಬಹುದು. ಮರ ಒಂದೇ ಹಲಗೆಯೋ ಅಲ್ಲವೋ ತಿಳಿಯಲು ನಾದರಂಧ್ರದ ಅಂಚನ್ನು ನೋಡಬೇಕು. ಮೇಲಿನ ಗೆರೆಗಳು ಅಂಚಿನಲ್ಲೂ ಹಾಗೇ ಇಳಿದಿದ್ದರೆ ಒಂದೇ ಮರ, ಪದರ ಪದರ ಕಂಡರೆ ಪ್ಲೈವುಡ್.

ಇನ್ನು ಕತ್ತು. ತಂತಿಯನ್ನು ಮೊದಲ ಮೆಟ್ಟಿಲಲ್ಲೂ ಕೊನೆಯ ಮೆಟ್ಟಿಲಲ್ಲೂ ಒಟ್ಟಿಗೆ ಒತ್ತಿ ಹಿಡಿದರೆ ನಡುವೆ ಕಾಗದದಷ್ಟು ಸಂದು ಉಳಿಯಬೇಕು. ಹೆಚ್ಚಾದರೆ ಕತ್ತು ಬಾಗಿದೆ. ಬಿರಡೆಗಳು ಎಡವದೆ ತಿರುಗಬೇಕು. ಪ್ರತಿ ಮೆಟ್ಟಿಲನ್ನೂ ಒತ್ತಿ ನುಡಿಸಬೇಕು, ಎಲ್ಲೂ ಝರ್ ಅನ್ನಬಾರದು.

ಕೊನೆಗೆ ಅಪ್ಪ ಗೋಡೆಯ ಕಡೆ ಮುಖಮಾಡಿ ನಿಂತರು. ಮಗಳು ಮೂರು ವಾದ್ಯಗಳಲ್ಲಿ ಅದೇ ಗೀತೆ ನುಡಿಸಿದಳು. ಅಪ್ಪನ ಕಿವಿ ಒಪ್ಪಿದ್ದು ಸಾದಾ ವಾದ್ಯವನ್ನೇ. ಮಗಳ ಆಯ್ಕೆಯೂ ಅದೇ. 20 ಸಾವಿರವನ್ನೂ ವಾದ್ಯಕ್ಕೇ ಸುರಿಯಲಿಲ್ಲ. ಎರಡು ಸಾವಿರ ಮೊದಲೇ ಬೇರೆ ಇಟ್ಟಿದ್ದರು: ಕುದುರೆ ಸರಿಮಾಡಿಸಲು, ಇನ್ನೊಂದು ಸೆಟ್ ತಂತಿಗೆ, ಗಟ್ಟಿ ಚೀಲಕ್ಕೆ. ಹೊಸ ವಾದ್ಯವಾದರೂ ಈ ಹೊಂದಿಸುವ ಕೆಲಸ ಸಾಮಾನ್ಯವಾಗಿ ಬೇಕೇ ಬೇಕು. ಬಿಸಿಲಲ್ಲಿ ಬಾಗಿಲು ಹಾಕಿದ ಕಾರಿನಲ್ಲಿ ಮಾತ್ರ ಬಿಡಬಾರದು, ಕಾವಿಗೆ ಅಂಟು ಬಿಡುತ್ತದೆ.

ಹಳೇ ಮ್ಯಾಂಡೊಲಿನ್ ಅಟ್ಟ ಸೇರಲಿಲ್ಲ. ನಾಲ್ಕು ತಂತಿಯಲ್ಲೇ ಅದು ಗಮಕದ ಅಭ್ಯಾಸಕ್ಕಿದೆ. ಹೊಸದರಲ್ಲಿ ಸಂಜೆ ಹೊತ್ತು ಒಂದು ದೇವರನಾಮ ನಿಧಾನವಾಗಿ ರೂಪ ತಳೆಯುತ್ತಿದೆ. ಅಜ್ಜಿ ಈಗ ಪಕ್ಕದ ಕೋಣೆಯಿಂದಲೇ ತಾಳ ಹಾಕುತ್ತಾರೆ.

ಮನೆಯಲ್ಲಿ ಮಗು ವಾದ್ಯ ಬಿಟ್ಟು ಏಳುತ್ತಿದೆಯೇ? ಬಯ್ಯುವ ಮುನ್ನ, ದುಡ್ಡು ಬಿಚ್ಚುವ ಮುನ್ನ, ಒಮ್ಮೆ ಆ 12ನೇ ಮೆಟ್ಟಿಲು ಒತ್ತಿ ನೋಡಿ.