ಪಿಕಾಸಿ ಮೊನೆಯ ಹದ

ಪ್ರಶ್ನೆ: ಗ್ರೈಂಡರ್‌ನಲ್ಲಿ ಚೂಪು ಮಾಡಿಸಿದ ಪಿಕಾಸಿಯ ಮೊನೆ ಬೇಗನೆ ಬಾಗಿಹೋಯಿತು. ಕುಲುಮೆಯಲ್ಲಿ ತಟ್ಟಿಸಿದ್ದು ಬಾಳಿಕೆ ಬರುತ್ತಿತ್ತು. ಏಕೆ?
– ಓದುಗರೊಬ್ಬರು, ಇಲವಾಲ

ಉತ್ತರ: ತಿಕ್ಕುವಾಗ ಮೊನೆ ನೀಲಿಯನ್ನೂ ದಾಟಿ ಬೂದುಬಣ್ಣಕ್ಕೆ ತಿರುಗಿತ್ತೇ? ಅದು ಕಾವು 300 ಡಿಗ್ರಿ ಸೆಲ್ಸಿಯಸ್ ಮೀರಿದ ಗುರುತು. ಅಲ್ಲಿಂದಾಚೆ ಕಾದಷ್ಟೂ ಉಕ್ಕು ಮೆತ್ತಗಾಗುತ್ತದೆ.

ಕಮ್ಮಾರರು ಕೆಂಪಗೆ ಕಾದ ಮೊನೆಯನ್ನು ತಟ್ಟಿ ನೀರಿಗೆ ಅದ್ದುತ್ತಾರೆ. ಅದು ಗಡುಸಾಗುತ್ತದೆ, ಆದರೆ ಗಾಜಿನಂತೆ ಸಿಡಿಯಬಹುದು. ಹಿಂದೆ ಉಳಿದ ಕಾವು ಮೊನೆಗೆ ಹರಿದು, ಹೊಂಬಣ್ಣ ನೇರಳೆಗೆ ತಿರುಗುವಾಗ ಮತ್ತೆ ಅದ್ದಿದರೆ ಗಡಸುತನ, ತಾಳಿಕೆ ಎರಡೂ ದಕ್ಕುತ್ತವೆ.

ಹಿಮದ ಗೋಡೆ ಹತ್ತುವವರ ಕೊಡಲಿಯ ಕೊಕ್ಕು ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನದು. ಅದಕ್ಕೂ ಕೈ ಅರವೇ ಕ್ಷೇಮ, ಗ್ರೈಂಡರ್ ಅಲ್ಲ. ನೀವೂ ಅರದಿಂದಲೇ ಉಜ್ಜಿ. ಹದಗೆಟ್ಟ ಮೊನೆಯನ್ನು ಮಾತ್ರ ಕುಲುಮೆಗೆ ಕೊಟ್ಟು ಹದ ಹಾಕಿಸಿಕೊಳ್ಳಿ.