ಹೂವಿನಲ್ಲೇ ಹೊಕ್ಕುವ ಕೊಳೆ

ಹೊರಗಿನಿಂದ ನೋಡಿದರೆ ದಾಳಿಂಬೆಗೆ ಒಂದು ಚುಕ್ಕೆಯೂ ಇರುವುದಿಲ್ಲ. ಸಿಪ್ಪೆಯ ಬಣ್ಣ ಸ್ವಲ್ಪ ಮಂಕು, ಕೈಯಲ್ಲಿ ಹಿಡಿದರೆ ತೂಕ ತುಸು ಕಡಿಮೆ, ಅಷ್ಟೆ. ಕತ್ತಿ ಹಾಕಿದಾಗ ಮಾತ್ರ ಒಂದು ಮಗ್ಗುಲಿನ ಕಾಳುಗಳೆಲ್ಲ ಮಸಿಯಾಗಿ ಒಣಗಿರುತ್ತವೆ. ‘ನಿನ್ನೆ ಮೊನ್ನೆ ಮಳೆಗೆ ಕೊಳೆತಿರಬೇಕು’ ಎಂದು ಮನೆಯವರು ಅಂದುಕೊಳ್ಳುತ್ತಾರೆ. ನಿಜಕ್ಕೂ ಆಲ್ಟರ್ನೇರಿಯಾ ಎಂಬ ಶಿಲೀಂಧ್ರ ಒಳಹೊಕ್ಕಿದ್ದು ತಿಂಗಳುಗಳ ಹಿಂದೆ, ಹೂ ಅರಳಿದ್ದಾಗ. ಅದರ ಬೀಜಕಣಗಳು ಗಾಳಿಯಲ್ಲಿ ಬಂದು ಹೂಬಟ್ಟಲಿಗೆ ಬಿದ್ದು, ಒಣಗಿದ ಕೇಸರಗಳ ನಡುವೆ ಉಳಿದು, ಕಾಯಿ ಬಲಿಯುವಾಗ ಒಳಗೇ ಬೆಳೆಯುತ್ತವೆ. ಕಾಯಿ ಕಟ್ಟಿದ ಮೇಲೆ ಸಿಪ್ಪೆಯ ಮೇಲೆ ಎಷ್ಟು ಔಷಧಿ ಹೊಡೆದರೂ ಅಲ್ಲಿಗೆ ಮುಟ್ಟುವುದಿಲ್ಲ.

ಚಿತ್ರದುರ್ಗ ಸೀಮೆಗೆ ಹೂ ಅರಳುವ ಹೊತ್ತಿನ ಈ ಲೆಕ್ಕ ಮುಖ್ಯ. ಹೊಸದುರ್ಗ, ಹಿರಿಯೂರು ಕಡೆ ದಾಳಿಂಬೆ ತೋಟದ ಬೆಳೆಯೂ ಹೌದು, ಹಿತ್ತಲ ಗಿಡವೂ ಹೌದು. ವರ್ಷದ ಮಳೆ ಇಲ್ಲಿ 600 ಮಿಲಿಮೀಟರ್ ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಒಣನಾಡಿನಲ್ಲಿ ಶಿಲೀಂಧ್ರಕ್ಕೆ ಏನು ಕೆಲಸ ಎನ್ನುವವರಿಗೆ ಉತ್ತರೆ, ಹಸ್ತ, ಚಿತ್ತೆ ಮಳೆಗಳೇ ಉತ್ತರ. ತೋಟದ ರೈತರು ಬಹಾರ್, ಅಂದರೆ ಹೂವಿನ ಹಂಗಾಮು, ನೋಡಿ ಹೂ ಬಿಡಿಸುತ್ತಾರೆ. ಹಿತ್ತಲ ಗಿಡಕ್ಕೆ ಆ ಶಿಸ್ತಿಲ್ಲ, ಅದು ಮನಸ್ಸು ಬಂದಾಗ ಹೂ ಬಿಡುತ್ತದೆ. ಜಡಿಮಳೆಯಲ್ಲಿ ಅರಳಿದ ಹೂಗಳನ್ನು ಚಿವುಟಿ, ಜನವರಿ-ಫೆಬ್ರವರಿಯ ಅಂಬೆ ಬಹಾರ್‌ನ ಹೂ ಉಳಿಸಿಕೊಂಡರೆ ಕಾಯಿ ಕಡಿಮೆಯಾದರೂ ತಿನ್ನುವಂತಿರುತ್ತವೆ. ಹೂ ಚಿವುಟಲು ಮನೆಯ ಹಿರಿಯರು ಒಪ್ಪುವುದು ಮಾತ್ರ ಕಷ್ಟ.

ಮಾವಿನದು ಇನ್ನೊಂದು ಬಗೆ. ಚಿಬ್ಬು ರೋಗ ತರುವ ಕೊಲೆಟೋಟ್ರೈಕಂ ಶಿಲೀಂಧ್ರ ಎಳೆಗಾಯಿಯ ಸಿಪ್ಪೆಗೆ ಅಂಟಿ, ಸದ್ದಿಲ್ಲದೆ ಕಾಯುತ್ತದೆ. ಹುಲ್ಲಿನಲ್ಲಿಟ್ಟ ಕಾಯಿ ಹಣ್ಣಾದೊಡನೆ ಕಪ್ಪು ಮಚ್ಚೆಗಳು ಏಳುತ್ತವೆ. ಕಿತ್ತ ಕಾಯನ್ನು ಅದೇ ದಿನ 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 10 ನಿಮಿಷ ಮುಳುಗಿಸಿ, ಆರಿಸಿ, ಆಮೇಲೆ ಹಣ್ಣಿಗಿಟ್ಟರೆ ಕೊಳೆ ಬಹಳಷ್ಟು ತಗ್ಗುತ್ತದೆ. ಥರ್ಮಾಮೀಟರ್ ಬೇಕೇ ಬೇಕು. ಶಾಖ ಹೆಚ್ಚಾದರೆ ಸಿಪ್ಪೆ ಬೇಯುತ್ತದೆ, ಕಡಿಮೆಯಾದರೆ ಶಿಲೀಂಧ್ರ ಜಗ್ಗುವುದಿಲ್ಲ.

ಇನ್ನು ಬುಡದ ಕೊಳೆ. ಬಿ.ದುರ್ಗದಂಥ ಹಳ್ಳಿಯಿರಲಿ, ಹೊಳಲ್ಕೆರೆ ಪೇಟೆಯೇ ಇರಲಿ, ಬಚ್ಚಲ ನೀರನ್ನು ನಿಂಬೆಗೋ ಪರಂಗಿಗೋ ಬಿಡುವುದು ವಾಡಿಕೆ. ನೀರಿನ ಬರ ಕಂಡ ಸೀಮೆಯಲ್ಲಿ ಅದು ತಪ್ಪೆನ್ನಲಾಗದು. ತೊಂದರೆಯಿರುವುದು ನೀರು ಕಾಂಡಕ್ಕೇ ತಾಗಿ ನಿಲ್ಲುವುದರಲ್ಲಿ. ಪರಂಗಿಯ ಬುಡವನ್ನು ಪಿಥಿಯಂ ಎಂಬ ರೋಗಾಣು ಮೆತ್ತಗೆ ಮಾಡಿದರೆ ಕಾಯಿ ಹೊತ್ತ ಗಿಡ ಒಂದೇ ಗಾಳಿಗೆ ಉರುಳುತ್ತದೆ. ನಿಂಬೆಯ ತೊಗಟೆ ಸೀಳಿ ಅಂಟು ಒಸರಿದರೆ ಅದು ಫೈಟೋಫ್ತೋರಾ. ಬುಡಕ್ಕೆ ಮಣ್ಣು ದಿಬ್ಬ ಮಾಡಿ, ನೀರಿನ ಪಾತಿಯನ್ನು ಕಾಂಡದಿಂದ ಎರಡಡಿ ಆಚೆ ಸರಿಸಬೇಕು. ನಿಂಬೆಗೆ ದಿಬ್ಬದ ಮಣ್ಣು ಕಸಿ ಕಟ್ಟಿದ ಜಾಗವನ್ನು ಮುಚ್ಚಬಾರದು. ಕೊಳೆತ ತೊಗಟೆಯನ್ನು ಹಸಿ ಭಾಗ ಕಾಣುವವರೆಗೆ ಕೆರೆದು ಬೋರ್ಡೋ ಮುಲಾಮು ಹಚ್ಚಬೇಕು.

ಫೈಟೋಫ್ತೋರಾ ನೋಡಲು ಶಿಲೀಂಧ್ರದಂತಿದ್ದರೂ ವಂಶದಲ್ಲಿ ಪಾಚಿಗಳ ಕಡೆಯದು. ಅದರ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಅಡಿಕೆಯ ಕೊಳೆರೋಗಕ್ಕೂ ಈ ಕುಲವೇ ಕಾರಣವೆಂದು 1910ರಲ್ಲಿ ವಿವರಿಸಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ 1880ರ ದಶಕದಲ್ಲಿ ಹುಟ್ಟಿದ ಬೋರ್ಡೋ ದ್ರಾವಣ ಮಲೆನಾಡಿನ ಅಡಿಕೆ ಗೊನೆಗೆ ಮದ್ದಾಗಿ ಬಂದದ್ದೂ ಅವರ ಕಾಲದಲ್ಲೇ.

ಹಿತ್ತಲಿಗೆ ಬೇಕಾದಷ್ಟು ದ್ರಾವಣ ಮನೆಯಲ್ಲೇ ಆಗುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನ 5 ಲೀಟರ್ ನೀರಿನಲ್ಲಿ 100 ಗ್ರಾಂ ಮೈಲುತುತ್ತ ಕರಗಿಸಿ, ಇನ್ನೊಂದು ಬಕೆಟ್ಟಿನ 5 ಲೀಟರ್‌ನಲ್ಲಿ 100 ಗ್ರಾಂ ಸುಣ್ಣ ಕದಡಿ ಸೋಸಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಸುರಿಯುತ್ತ ತಿರುವಿದರೆ ತಿಳಿನೀಲಿ ದ್ರಾವಣ ಸಿದ್ಧ. ಹೊಳೆಯುವ ಬ್ಲೇಡೊಂದನ್ನು ನಿಮಿಷ ಹೊತ್ತು ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಚುರುಕಾಗಿದೆ, ಎಲೆ ಸುಡುತ್ತದೆ ಎಂದರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಅದೇ ದಿನ ಬಳಸಬೇಕು, ಮರ ಹೂವಿನಲ್ಲಿದ್ದಾಗ ಹೊಡೆಯಬಾರದು. ಇಷ್ಟೇ ತುತ್ತ, ಸುಣ್ಣವನ್ನು ಒಂದೇ ಲೀಟರ್ ನೀರಿನಲ್ಲಿ ಬೆರೆಸಿದರೆ ಮುಲಾಮು.

ಎಲ್ಲಕ್ಕಿಂತ ಅಗ್ಗದ ಕೆಲಸವನ್ನೇ ಜನ ಬಿಡುತ್ತಾರೆ. ಕೊಳೆತ ಕಾಯಿ ತಿಪ್ಪೆಗೆ ಹೋಗುತ್ತದೆ, ತಿಪ್ಪೆಯ ಗೊಬ್ಬರ ಸರಿಯಾಗಿ ಕಳಿಯುವ ಮೊದಲೇ ಅದೇ ಮರದ ಬುಡಕ್ಕೆ ಬರುತ್ತದೆ. ಕೊಂಬೆಯಲ್ಲೇ ಒಣಗಿ ನೇತಾಡುವ ಕಾಯಿಗಳು ಮುಂದಿನ ಮಳೆಯವರೆಗೂ ಬೀಜಕಣ ಕಾಪಿಡುತ್ತವೆ. ಅವನ್ನು ಆರಿಸಿ ಸುಡಬೇಕು ಇಲ್ಲವೇ ಆಳವಾಗಿ ಹೂಳಬೇಕು.

ಕಪ್ಪಾದದ್ದೆಲ್ಲ ರೋಗವಲ್ಲ ಎಂಬುದೂ ತಿಳಿದಿರಲಿ. ಹಲಸಿನಲ್ಲಿ ಕಪ್ಪಾಗಿ ಉದುರುವ ಮಿಡಿಗಳಲ್ಲಿ ಹೆಚ್ಚಿನವು ಗಂಡು ಹೂಗೊಂಚಲು. ಕೆಲಸ ಮುಗಿಸಿ ಬೀಳುತ್ತವೆ, ಮದ್ದು ಬೇಡ. ದಾಳಿಂಬೆಯ ಮೇಲೆ ಎಣ್ಣೆ ಹತ್ತಿದಂಥ ಮಚ್ಚೆಯೆದ್ದು ಕಾಯಿ ಬಿರಿದರೆ ಅದು ದುಂಡಾಣು ಅಂಗಮಾರಿ, ಶಿಲೀಂಧ್ರವಲ್ಲ, ಚಿಕಿತ್ಸೆಯೇ ಬೇರೆ. ಅನುಮಾನವಿದ್ದವರು ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ತೋರಿಸಲು ಒಯ್ಯುವ ಕಾಯಿ ಪೂರಾ ಕೊಳೆತದ್ದಾಗಿರದೆ ಅರ್ಧ ಹಸನಾಗಿರಬೇಕು, ಅದನ್ನು ಪ್ಲಾಸ್ಟಿಕ್ ಬಿಟ್ಟು ಕಾಗದದಲ್ಲಿ ಸುತ್ತಬೇಕು. ಪ್ಲಾಸ್ಟಿಕ್ಕಿನಲ್ಲಿ ಬೆವತರೆ ದಾರಿಯಲ್ಲೇ ಬೇರೆ ಬೂಷ್ಟು ಹತ್ತುತ್ತದೆ.