ಫ್ರಾಮ್ ಹಡಗಿಗೆ ಬಂದ ಹೊಸ ಎಂಜಿನ್

1909ರಲ್ಲಿ ಧ್ರುವಯಾತ್ರಿ ರೋಆಲ್ ಅಮುಂಡ್‌ಸೆನ್ ದೂರದ ಯಾನಕ್ಕೆ ಸಜ್ಜುಗೊಳಿಸುತ್ತಿದ್ದ ‘ಫ್ರಾಮ್’ ಆಗಲೇ ಹಳೆಯ ಹಾಯಿಹಡಗು. ನಾರ್ವೆಯ ಕಾಲಿನ್ ಆರ್ಚರ್ ಕಟ್ಟಿ 1892ರಲ್ಲಿ ನೀರಿಗಿಳಿಸಿದ ಆ ಮರದ ಒಡಲು ಎರಡು ಯಾತ್ರೆಗಳಲ್ಲಿ ಉತ್ತರದ ಹಿಮದ ಬಿಗಿ ಹಿಡಿತವನ್ನು ತಾಳಿಕೊಂಡು ಬಂದಿತ್ತು. ತೊಂದರೆ ಇದ್ದದ್ದು ಒಳಗಿನ 220 ಅಶ್ವಶಕ್ತಿಯ ಉಗಿಯಂತ್ರದಲ್ಲಿ. ಅದಕ್ಕೆ ಬಾಯ್ಲರ್ ಬೇಕು, ರಾಶಿ ಕಲ್ಲಿದ್ದಲು ಬೇಕು, ಕಲ್ಲಿದ್ದಲು ಎತ್ತಿ ಹಾಕಲು ಆಳುಗಳು ಬೇಕು. ಹಾಯಿ ತುಂಬಿ ಹಡಗು ಓಡುತ್ತಿದ್ದಾಗಲೂ ಎಂಜಿನ್ ಕರೆದ ತಕ್ಷಣ ಓಗೊಡಬೇಕೆಂದರೆ ಬೆಂಕಿ ಆರುವಂತಿರಲಿಲ್ಲ. ಕಲ್ಲಿದ್ದಲೇ ಸಿಗದ ಕಡಲಿಗೆ ಹೊರಟವನಿಗೆ ಇದು ಪ್ರಾಣಸಂಕಟವಾಗಿತ್ತು.

ಅಮುಂಡ್‌ಸೆನ್‌ಗೆ ಬೇರೊಂದು ದಾರಿಯ ರುಚಿ ಗೊತ್ತಿತ್ತು. 1903ರಿಂದ 1906ರವರೆಗೆ ಆತ ಕೆನಡಾದ ಉತ್ತರದ ಹಿಮಗಡಲನ್ನು ದಾಟಿದ್ದು ‘ಯೋಆ’ ಎಂಬ ಪುಟ್ಟ ಹಾಯಿದೋಣಿಯಲ್ಲಿ. ಅದರಲ್ಲಿದ್ದದ್ದು ಬರೀ 13 ಅಶ್ವಶಕ್ತಿಯ ಎಣ್ಣೆ ಮೋಟಾರು. ಈಗ ಆತ ಫ್ರಾಮ್‌ನ ಉಗಿಯಂತ್ರ ಕಿತ್ತುಹಾಕಿಸಿ ಸ್ಟಾಕ್‌ಹೋಮ್‌ನ ಕಾರ್ಖಾನೆಯ 180 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಕೂರಿಸಲು ತೀರ್ಮಾನಿಸಿದ. ಹಳೆಯದಕ್ಕಿಂತ 40 ಅಶ್ವಶಕ್ತಿ ಕಡಿಮೆ! ಅದೂ, ಕಡಲಿಗೆ ಇನ್ನೂ ಹೊಸದಾಗಿದ್ದ ಯಂತ್ರ.

ಆ ಯಂತ್ರ ಹುಟ್ಟಿದ್ದೇ ಅಪಾಯದ ನಡುವೆ. 1893ರ ಆಗಸ್ಟ್ 10ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ತನ್ನ ಮೊದಲ ಎಂಜಿನ್ನಿನೊಳಗೆ ಇಂಧನ ಬಿಟ್ಟಾಗ ಢಮ್ಮೆಂದು ಸದ್ದಾಯಿತು. ಒತ್ತಡ ಅಳೆಯುವ ಉಪಕರಣ ಸಿಡಿದು ಚೂರುಗಳು ಹಾರಿದವು. ಎಂಜಿನ್ ತಾನಾಗಿ ಒಂದು ಸುತ್ತೂ ತಿರುಗಲಿಲ್ಲ. ಆದರೆ ಡೀಸೆಲ್ ಆ ಸ್ಫೋಟದಲ್ಲೇ ತನ್ನ ಲೆಕ್ಕ ಸರಿಯೆಂಬುದಕ್ಕೆ ಸಾಕ್ಷಿ ಕಂಡ. ಕಿಡಿಯೇ ಇಲ್ಲದೆ ಇಂಧನ ಹೊತ್ತಿಕೊಂಡಿತ್ತು.

ಮತ್ತೆ ಬಿಚ್ಚುವುದು, ತಿದ್ದುವುದು, ಜೋಡಿಸುವುದು. ಎಂಜಿನ್ನನ್ನು ಕಾರ್ಖಾನೆಯ ಶಾಫ್ಟಿನಿಂದ ಬೆಲ್ಟ್ ಹಾಕಿ ತಿರುಗಿಸುತ್ತಿದ್ದರು. 1894ರ ಫೆಬ್ರುವರಿ 17ರಂದು ಲಿಂಡರ್ ಎಂಬ ಮೆಕ್ಯಾನಿಕ್ ಆ ಬೆಲ್ಟನ್ನೇ ನೋಡುತ್ತ ನಿಂತಿದ್ದ. ಬಿಗಿಯಾಗಿದ್ದ ಬದಿ ಸಡಿಲವಾಗಿ, ಸಡಿಲವಿದ್ದ ಬದಿ ಬಿಗಿಯಾಯಿತು. ಶಾಫ್ಟು ಎಂಜಿನ್ನನ್ನು ಎಳೆಯುತ್ತಿರಲಿಲ್ಲ; ಎಂಜಿನ್ನೇ ಶಾಫ್ಟನ್ನು ಎಳೆಯುತ್ತಿತ್ತು. ಲಿಂಡರ್ ತುಟಿ ಬಿಚ್ಚದೆ ತಲೆಯ ಟೋಪಿ ತೆಗೆದ. ಓಡಿದ್ದು ಒಂದೇ ನಿಮಿಷ. ಅಲ್ಲಿಂದ ಇನ್ನೂ ಮೂರು ವರ್ಷ ಹೆಣಗಾಡಿದ ಮೇಲೆ, 1897ರಲ್ಲಿ, ಮ್ಯೂನಿಕ್‌ನ ಪ್ರೊಫೆಸರ್ ಮೊರಿಟ್ಸ್ ಶ್ರೋಟರ್ ಅಳೆದು ನೋಡಿದರು. ಇಂಧನದ ಶಕ್ತಿಯಲ್ಲಿ ಶೇಕಡಾ 26.2ರಷ್ಟು ಪಾಲು ಕೆಲಸವಾಗಿ ಬದಲಾಗುತ್ತಿತ್ತು. ಆ ಕಾಲದ ಉಗಿಯಂತ್ರಗಳಿಗೆ ಅದು ಎಟುಕದ ಮಾತು.

ಕಡಲು ಹೊಸ ತಕರಾರು ತೆಗೆಯಿತು. ಹಡಗು ಹಿಂದಕ್ಕೂ ಹೋಗಬೇಕು. ಡೀಸೆಲ್ ಎಂಜಿನ್ ಒಂದೇ ದಿಕ್ಕಿಗೆ ತಿರುಗುತ್ತಿತ್ತು. 1903ರಲ್ಲಿ ರಷ್ಯದ ‘ವಂದಾಲ್’ ಎಂಬ ಎಣ್ಣೆ ಹಡಗಿನಲ್ಲಿ ನಡುವೆ ವಿದ್ಯುತ್ ಮೋಟಾರು ಇಟ್ಟು ದಾರಿ ಕಂಡುಕೊಂಡರು. ಸ್ಟಾಕ್‌ಹೋಮ್‌ನ ಯೋನಾಸ್ ಹೆಸೆಲ್‌ಮನ್ 1907ರ ಹೊತ್ತಿಗೆ ಎಂಜಿನ್ನನ್ನೇ ಎರಡೂ ಕಡೆ ತಿರುಗುವಂತೆ ಮಾಡಿದ. ಫ್ರಾಮ್‌ಗೆ ಎಂಜಿನ್ ಬಂದದ್ದು ಅಲ್ಲಿಂದಲೇ.

1910ರ ಬೇಸಿಗೆಯಲ್ಲಿ ಅಟ್ಲಾಂಟಿಕ್‌ನ ಪರೀಕ್ಷಾ ಯಾನ ಮುಗಿಸಿ ಬಂದ ಎಂಜಿನ್ನನ್ನು ಬರ್ಗೆನ್‌ನಲ್ಲಿ ಬಿಚ್ಚಿ ಶುಚಿಗೊಳಿಸಬೇಕಾಯಿತು. ಸ್ವೀಡನ್ನಿನ ಎಂಜಿನಿಯರ್ ಕ್ನುಟ್ ಸುಂಡ್‌ಬೆಕ್ ಹಡಗು ಹತ್ತಿದ. ಆಗಸ್ಟ್‌ನಲ್ಲಿ ಹೊರಟ ಫ್ರಾಮ್ 1911ರ ಜನವರಿಯಲ್ಲಿ ಅಂಟಾರ್ಕ್ಟಿಕಾದ ತಿಮಿಂಗಿಲ ಕೊಲ್ಲಿ ಮುಟ್ಟಿತು. ಅದೇ ಡಿಸೆಂಬರ್ 14ರಂದು ಅಮುಂಡ್‌ಸೆನ್ ದಕ್ಷಿಣ ಧ್ರುವದಲ್ಲಿದ್ದ.

ಡೀಸೆಲ್ ಎಂಜಿನ್ನಿನ ಗುಟ್ಟು ಇಷ್ಟೇ. ಸಿಲಿಂಡರಿನ ಗಾಳಿಯನ್ನು ಪಿಸ್ಟನ್ ಒತ್ತಿ ಹಿಂಡಿದಾಗ ಅದರ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ಚಿಮ್ಮಿದ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ನಿಂತರೆ ಬೆಂಕಿಯೂ ಇಲ್ಲ, ಖರ್ಚೂ ಇಲ್ಲ. ವೈಟ್‌ಫೀಲ್ಡಿನ ಕಚೇರಿಗಳಲ್ಲಿ, ಪೀಣ್ಯದ ಕಾರ್ಖಾನೆಗಳಲ್ಲಿ ತಣ್ಣಗೆ ನಿಂತಿದ್ದ ಡೀಸೆಲ್ ಜನರೇಟರು ಕರೆಂಟು ಹೋದೊಡನೆ ಏಳುವುದೂ ಇದೇ ಗುಣದಿಂದ. ಹಾಯಿಹಡಗಿನ ಎಂಜಿನ್ ಓಡುವುದಕ್ಕಿಂತ ಕಾಯುವುದೇ ಹೆಚ್ಚು. ಅಮುಂಡ್‌ಸೆನ್ 40 ಅಶ್ವಶಕ್ತಿ ಬಿಟ್ಟುಕೊಟ್ಟು ಪಡೆದದ್ದು, ಪುಕ್ಕಟೆಯಾಗಿ ಕಾಯಬಲ್ಲ ಎಂಜಿನ್ನನ್ನು.